ಗ್ಯಾರೇಜಿಗೂ ಮನೆಗೂ ನಡುವೆ ಬೆಂಕಿ ತಡೆ: ಒಂದು ಹಳೇ ಮನೆಯ ರಿಪೇರಿ ಲಾಗ್

ಈ ಮನೆ 1950ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸಾಲುಸಾಲಾಗಿ ಎದ್ದ ಒಂದೇ ಅಂತಸ್ತಿನ ಮನೆಗಳಲ್ಲಿ ಇದೂ ಒಂದು. ಎಲ್ಲಾ ಮರದ ಚೌಕಟ್ಟು. ಮೊದಲ ನಕ್ಷೆಯಲ್ಲಿ ಗ್ಯಾರೇಜ್ ಇರಲಿಲ್ಲ. ಅಲ್ಲಿದ್ದದ್ದು ಕಾರ್‌ಪೋರ್ಟ್, ಮನೆಯ ಚಾವಣಿಯೇ ಮುಂದುವರಿದು ಅದನ್ನೂ ಮುಚ್ಚಿತ್ತು. ಆಮೇಲೆ ಯಾರೋ ಉಳಿದ ಕಡೆ ಗೋಡೆ ಎಬ್ಬಿಸಿ, ಮುಂದೆ ದೊಡ್ಡ ಬಾಗಿಲು ಕೂರಿಸಿ ಗ್ಯಾರೇಜ್ ಮಾಡಿಕೊಂಡಿದ್ದಾರೆ. ಅಂದರೆ ಅಡುಗೆಮನೆಗೂ ಗ್ಯಾರೇಜಿಗೂ ನಡುವಿನ ಗೋಡೆ ಮೊದಲು ಮನೆಯ ಹೊರಗೋಡೆ. ಅದಕ್ಕೆ ಬೆಂಕಿ ತಡೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ, ಬರಬೇಕಾದ ಕಾರಣವೂ ಆಗ ಇರಲಿಲ್ಲ.

ಕೆಲಸ ಶುರುವಾಗುವ ಮುಂಚೆ ಪರಿಸ್ಥಿತಿ ಹೀಗಿತ್ತು. ಗ್ಯಾರೇಜ್ ಕಡೆಯಿಂದ ನೋಡಿದರೆ ಅರ್ಧ ಗೋಡೆಗೆ ಹಳೇ ಮರದ ಸೈಡಿಂಗ್ (ಹೊರಗೋಡೆಗೆ ಹೊದಿಸುವ ಹಲಗೆ), ಇನ್ನರ್ಧಕ್ಕೆ ತೆಳು ಪ್ಲೈವುಡ್ ಪ್ಯಾನೆಲ್. ಒಳಗೆ ಹೋಗುವ ಬಾಗಿಲು ಟೊಳ್ಳು, ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು. ಬಾಗಿಲ ಪಕ್ಕ ಹಾಲಿನವನು ಬಾಟಲಿ ಇಟ್ಟು ಹೋಗುತ್ತಿದ್ದ ಪುಟ್ಟ ಗೂಡು. ಆ ಕಾಲದ ಮನೆಗಳಲ್ಲಿ ಇದು ಸಾಮಾನ್ಯ: ಹೊರಗೊಂದು ಚಿಕ್ಕ ಬಾಗಿಲು, ಒಳಗೊಂದು ಚಿಕ್ಕ ಬಾಗಿಲು, ನಡುವೆ ತಗಡು. ಗ್ಯಾರೇಜಿಗೆ ಸೀಲಿಂಗ್ ಇಲ್ಲ, ತಲೆ ಎತ್ತಿದರೆ ಬರೀ ಅಡ್ಡತೊಲೆಗಳು, ಅಂದರೆ ಜಾಯಿಸ್ಟ್‌ಗಳು. ಅವುಗಳ ಮೇಲೆ ಟಾರ್ಚ್ ಬಿಟ್ಟರೆ ಮಲಗುವ ಕೋಣೆಗಳ ಮೇಲೆ ಚಳಿ, ಸೆಖೆ ತಡೆಯಲು ಹಾಸಿದ ಇನ್ಸುಲೇಷನ್‌ವರೆಗೂ ಒಂದೇ ಬಯಲು.

ಆ ಕೊನೆಯದೇ ನಿಜವಾದ ಸಮಸ್ಯೆ. ಗ್ಯಾರೇಜಲ್ಲಿ ಕಾರಿಗೆ ಬೆಂಕಿ ಹತ್ತಿದರೆ ಅದು ಗೋಡೆ ಸುಟ್ಟುಕೊಂಡು ಬರುವವರೆಗೆ ಕಾಯುವುದಿಲ್ಲ. ಮೊದಲು ಮೇಲೆ ಹೋಗುತ್ತದೆ, ಆಟಿಕ್ (ಚಾವಣಿಗೂ ಸೀಲಿಂಗಿಗೂ ನಡುವಿನ ಖಾಲಿ ಜಾಗ) ಹಿಡಿಯುತ್ತದೆ, ಅಲ್ಲಿಂದ ಮನೆಯ ಉದ್ದಕ್ಕೂ ಓಡುತ್ತದೆ. ಕೆಳಗೆ ಮಲಗಿದವರಿಗೆ ತಲೆಯ ಮೇಲೆ ಏನಾಗುತ್ತಿದೆ ಅಂತ ಗೊತ್ತೂ ಆಗುವುದಿಲ್ಲ.

"ಅಲ್ರೀ, ಗೋಡೆಗೆ ಬೋರ್ಡ್ ಹೊಡೆದರೆ ಮುಗೀತಲ್ವಾ? ಇದಕ್ಯಾಕೆ ಆಟಿಕ್ ಹತ್ತಬೇಕು?" ಅಂತ ನನ್ನ ಹೆಂಡತಿ ಕೇಳಿದಳು. ಜಾಸ್ತಿ ಜನ ಹಾಗೇ ಅಂದುಕೊಳ್ಳುತ್ತಾರೆ. ಗೋಡೆ ಕಣ್ಣಿಗೆ ಕಾಣುತ್ತದೆ, ಆಟಿಕ್ ಕಾಣುವುದಿಲ್ಲ. ನಾನು ಒಂದು ಹಾಳೆಯಲ್ಲಿ ಮನೆಯ ಅಡ್ಡಸೀಳು ಬರೆದು, ಗ್ಯಾರೇಜ್ ನೆಲದಿಂದ ಚಾವಣಿಯ ಹಲಗೆಯವರೆಗೆ ಕೆಂಪು ಪೆನ್ನಲ್ಲಿ ಒಂದೇ ಗೆರೆ ಎಳೆದೆ. ಪೆನ್ನು ಎತ್ತದೆ ಎಳೆಯಲು ಆಗಬೇಕು. ಎಲ್ಲಿ ಎತ್ತಬೇಕಾಗುತ್ತದೋ ಅಲ್ಲಿ ತೂತು ಇದೆ ಅಂತ ಅರ್ಥ. ಇಡೀ ಕೆಲಸ ಆ ಹಾಳೆಯ ಮೇಲೇ ನಡೆಯಿತು.

ನಿಯಮ ಏನು ಹೇಳುತ್ತದೆ

ಅಮೆರಿಕದ ಹೆಚ್ಚಿನ ಊರುಗಳು ಮನೆಗಳಿಗೆ ಐಆರ್‌ಸಿ (ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್) ಅನ್ನುವ ಮಾದರಿ ನಿಯಮಾವಳಿಯನ್ನು ತಮ್ಮ ತಿದ್ದುಪಡಿಗಳ ಸಮೇತ ಪಾಲಿಸುತ್ತವೆ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಗ್ಯಾರೇಜ್ ವಿಷಯ ಇರುವುದು ಆರ್302.5 ಮತ್ತು ಆರ್302.6ರಲ್ಲಿ. ಅದರ ಸಾರ ಚಿಕ್ಕದು. ಮನೆ ಮತ್ತು ಆಟಿಕ್‌ನಿಂದ ಗ್ಯಾರೇಜನ್ನು ಬೇರ್ಪಡಿಸಲು ಗ್ಯಾರೇಜ್ ಕಡೆಗೆ ಕನಿಷ್ಠ 1/2 ಇಂಚಿನ ಜಿಪ್ಸಮ್ ಬೋರ್ಡ್. ಗ್ಯಾರೇಜ್ ಮೇಲೆ ವಾಸದ ಕೋಣೆ ಇದ್ದರೆ ಸೀಲಿಂಗಿಗೆ ಕನಿಷ್ಠ 5/8 ಇಂಚಿನ ಟೈಪ್ ಎಕ್ಸ್ (ಬೆಂಕಿಯನ್ನು ಹೆಚ್ಚು ಹೊತ್ತು ತಡೆಯುವ) ಬೋರ್ಡ್, ಆ ಸೀಲಿಂಗನ್ನು ಹೊತ್ತ ಗೋಡೆ, ಕಂಬ, ತೊಲೆಗಳಿಗೂ 1/2 ಇಂಚು. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲು ಇರಕೂಡದು. ಬೇರೆ ಬಾಗಿಲಾದರೆ 1-3/8 ಇಂಚು ದಪ್ಪದ ಗಟ್ಟಿ ಮರದ್ದು, ಇಲ್ಲವೇ ಅಷ್ಟೇ ದಪ್ಪದ ಉಕ್ಕಿನದು, ಇಲ್ಲವೇ 20 ನಿಮಿಷ ಬೆಂಕಿ ತಡೆಯುವ ರೇಟಿಂಗ್ ಇರುವುದು. ಜೊತೆಗೆ ತಾನಾಗಿ ಮುಚ್ಚಿಕೊಳ್ಳಬೇಕು.

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ಇದು ಒಂದು ಗಂಟೆ ರೇಟಿಂಗಿನ ಗೋಡೆ ಅಲ್ಲ. ಆ ರೇಟಿಂಗ್ ಬರುವುದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪೂರ್ತಿ ಜೋಡಣೆಗೆ: ಸ್ಟಡ್ (ಗೋಡೆಯೊಳಗಿನ ನಿಲುವು ಮರ), ಎರಡೂ ಕಡೆಯ ಬೋರ್ಡ್, ಸ್ಕ್ರೂ ಅಂತರ, ಎಲ್ಲಾ ಸೇರಿ. ಐಆರ್‌ಸಿ ಕೇಳುವುದು ಬರೀ ಒಂದು ಪದರ, ಒಂದೇ ಕಡೆ. ಅದರ ಉದ್ದೇಶ ಮನೆಯವರು ಎದ್ದು ಹೊರಗೆ ಓಡಲು ಸ್ವಲ್ಪ ಹೊತ್ತು ಕೊಡುವುದು, ಅಷ್ಟೇ. ಹಳೇ ಮನೆಗೆ ಈ ನಿಯಮ ಸಾಮಾನ್ಯವಾಗಿ ಹಿಂದಕ್ಕೆ ಅನ್ವಯಿಸುವುದಿಲ್ಲ. ಕಟ್ಟಿದಾಗ ಇದ್ದ ನಿಯಮದ ಪ್ರಕಾರ ಇದ್ದರೆ ಯಾರೂ ಬಂದು ಒಡೆಯಿರಿ ಅನ್ನುವುದಿಲ್ಲ. ಆದರೆ ನೀವಾಗಿ ಕೈ ಹಾಕಿದರೆ ಪರ್ಮಿಟ್ ಬೇಕಾಗಬಹುದು, ಆಗ ಹೊಸ ನಿಯಮ ಲೆಕ್ಕಕ್ಕೆ ಬರುತ್ತದೆ. ಸ್ಥಳೀಯ ಬಿಲ್ಡಿಂಗ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೇದು. ಬಾಗಿಲು ತಾನಾಗಿ ಮುಚ್ಚಬೇಕು ಅನ್ನುವ ಸಾಲನ್ನೇ ಕೆಲವು ಕಡೆ ತೆಗೆದುಹಾಕಿದ್ದಾರೆ. ನಾನಾದರೆ ನಿಯಮ ಬಿಟ್ಟರೂ ಆ ಸಾಲು ಬಿಡುವುದಿಲ್ಲ.

ಜಿಪ್ಸಮ್ಮೇ ಯಾಕೆ

ನೋಡಲು ಬೋರ್ಡ್ ಸುಮ್ನೆ ಕಾಗದ ಅಂಟಿಸಿದ ಸುಣ್ಣದ ಹಲಗೆ ಥರ ಇದೆ. ಒಳಗೆ ಇರುವುದು ಕ್ಯಾಲ್ಸಿಯಂ ಸಲ್ಫೇಟ್, ಪ್ರತಿ ಕಣಕ್ಕೂ ಎರಡು ನೀರಿನ ಕಣ ಅಂಟಿಕೊಂಡಿರುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ನೀರೇ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ನೀರು ಅದರೊಳಗೆ ಕಟ್ಟಿಹಾಕಿಕೊಂಡಿದೆ. ಬೆಂಕಿಯ ಕಾವು ತಾಗಿದಾಗ ಆ ನೀರು ಬಿಡುಗಡೆಯಾಗಿ ಆವಿಯಾಗುತ್ತದೆ. ಒಲೆ ಮೇಲಿಟ್ಟ ಪಾತ್ರೆಯಲ್ಲಿ ನೀರು ಇರುವವರೆಗೆ ಪಾತ್ರೆ ಸೀಯುವುದಿಲ್ಲವಲ್ಲ, ಹಾಗೆ. ಬೋರ್ಡಿನ ಆಚೆ ಬದಿ ಬಹಳ ಹೊತ್ತು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲೇ ನಿಲ್ಲುತ್ತದೆ. ಮರ ಹೊತ್ತಿಕೊಳ್ಳಲು ಅದು ಸಾಲದು.

ನೀರೆಲ್ಲಾ ಹೋದ ಮೇಲೆ ಉಳಿಯುವುದು ಪುಡಿಪುಡಿ. ಸಾಧಾರಣ ಬೋರ್ಡ್ ಆಗ ಕುಗ್ಗಿ, ಬಿರುಕು ಬಿಟ್ಟು ಉದುರುತ್ತದೆ. ಟೈಪ್ ಎಕ್ಸ್ ಬೋರ್ಡಿನ ಒಳಗೆ ಗಾಜಿನ ನಾರು ಬೆರೆಸಿರುತ್ತಾರೆ, ಆ ಪುಡಿಯನ್ನು ಇನ್ನಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಗೋಡೆಗೆ 1/2 ಇಂಚು ಸಾಕಿತ್ತು. ಆದರೂ 5/8 ಟೈಪ್ ಎಕ್ಸ್ ತಂದೆ. ಎರಡಕ್ಕೂ ಕೆಲಸ ಒಂದೇ, ಬೋರ್ಡಿನ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಸೊಂಟಕ್ಕೆ: 4 ಅಡಿ, 8 ಅಡಿಯ ಒಂದು ಹಾಳೆ ಸುಮಾರು 70 ಪೌಂಡ್. ಒಬ್ಬರೇ ಎತ್ತಬೇಡಿ.

ಒಡೆಯುವ ಮುಂಚೆ

ಹಳೇ ಮನೆಯಲ್ಲಿ ಸುತ್ತಿಗೆ ಎತ್ತುವ ಮುಂಚೆ ಎರಡು ವಿಷಯ ನೋಡಲೇಬೇಕು. ಒಂದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಗೋಡೆ ತೇಪೆಗೆ ಬಳಸುವ ಕಾಂಪೌಂಡಿನಲ್ಲಿ ಅದನ್ನು ಅಮೆರಿಕ ನಿಷೇಧಿಸಿದ್ದು 1977ರಲ್ಲಿ. ಅದಕ್ಕೂ ಹಿಂದಿನ ಪ್ಲಾಸ್ಟರ್, ಪುಟ್ಟಿ, ಪೈಪ್ ಸುತ್ತಿನ ಹೊದಿಕೆ, ಎಲ್ಲವೂ ಅನುಮಾನಕ್ಕೆ ಅರ್ಹ. ಆಟಿಕ್‌ನಲ್ಲಿ ಅಭ್ರಕದ ಥರ ಹೊಳೆಯುವ, ಪದರ ಪದರವಾದ ಸಣ್ಣ ಹರಳುಗಳ ಇನ್ಸುಲೇಷನ್ ಕಂಡರೆ ಅದು ವರ್ಮಿಕ್ಯುಲೈಟ್. ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯ ವರ್ಮಿಕ್ಯುಲೈಟಿನಲ್ಲಿ ಕಲ್ನಾರು ಬೆರೆತಿತ್ತು. ಆ ಗಣಿ 1990ರವರೆಗೆ ನಡೆಯಿತು. ಕಂಡರೆ ಕದಡಬೇಡಿ, ಮೊದಲು ತಿಳಿದವರನ್ನು ಕರೆಸಿ. ನಮ್ಮ ಆಟಿಕ್‌ನಲ್ಲಿದ್ದದ್ದು ಬೂದು ಬಣ್ಣದ ಹಿಂಜಿದ ಕಾಗದ. ಪ್ಲಾಸ್ಟರ್ ಮತ್ತು ಪುಟ್ಟಿಯ ಚೂರುಗಳನ್ನು ಲ್ಯಾಬಿಗೆ ಕಳಿಸಿ, ಉತ್ತರ ಬರುವ ತನಕ ಏನನ್ನೂ ಮುಟ್ಟಲಿಲ್ಲ.

ಎರಡನೆಯದು ಸೀಸದ ಬಣ್ಣ. ಮನೆ ಬಣ್ಣದಲ್ಲಿ ಸೀಸ ನಿಂತದ್ದು 1978ರಲ್ಲಿ. ನಮ್ಮ ಹಳೇ ಸೈಡಿಂಗಿನ ಬಣ್ಣದಲ್ಲಿ ಸೀಸ ಇತ್ತು. ಹಾಗಾಗಿ ಉಜ್ಜಲಿಲ್ಲ, ಕೆರೆಯಲಿಲ್ಲ. ನೀರು ಸಿಂಪಡಿಸಿ, ಮೊಳೆ ಸಡಿಲಿಸಿ, ಹಲಗೆ ಹಲಗೆಯಾಗಿ ಇಳಿಸಿ ಪ್ಲಾಸ್ಟಿಕ್ಕಲ್ಲಿ ಸುತ್ತಿದೆ. ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ವ್ಯಾಕ್ಯೂಮ್ ಹಾಕಿ ನೆಲದ ಧೂಳು ತೆಗೆದೆ. ಬೇಜಾರಿನ ಕೆಲಸ, ಆದರೆ ಮನೆಯಲ್ಲಿ ಮಕ್ಕಳಿದ್ದರೆ ಬೇರೆ ದಾರಿ ಇಲ್ಲ.

ಗೆರೆ ಎಲ್ಲಿ ಹಾದುಹೋಗಬೇಕು

ಎರಡು ಆಯ್ಕೆ ಇದ್ದವು. ಒಂದು, ಗ್ಯಾರೇಜಿಗೆ ಪೂರ್ತಿ ಸೀಲಿಂಗ್ ಹೊಡೆಯುವುದು. ಗೆರೆ ಗೋಡೆ ಹತ್ತಿ ಸೀಲಿಂಗ್ ಉದ್ದಕ್ಕೂ ಹೋಗುತ್ತದೆ. ಇನ್ನೊಂದು, ನಡುಗೋಡೆಯನ್ನೇ ಆಟಿಕ್ ಒಳಗೆ ಮುಂದುವರಿಸಿ ಚಾವಣಿಯ ಹಲಗೆಗೆ ಮುಟ್ಟಿಸುವುದು.

ಸೀಲಿಂಗ್ ನೋಡಲು ಚೆಂದ. ಆದರೆ ಗ್ಯಾರೇಜ್ ಸೀಲಿಂಗಿನಲ್ಲಿ ಎಷ್ಟೊಂದು ತೂತು ಬೇಕು ನೋಡಿ: ದೀಪಗಳು, ಬಾಗಿಲು ಎತ್ತುವ ಮೋಟರಿನ ಸಾಕೆಟ್, ವಾಟರ್ ಹೀಟರಿನ ಹೊಗೆಕೊಳವೆ, ಮೇಲೆ ಹತ್ತಲು ಮಡಚುವ ಏಣಿ. ಆ ಏಣಿಯ ಮುಚ್ಚಳ ಸಾಮಾನ್ಯವಾಗಿ ತೆಳು ಪ್ಲೈವುಡ್. ಇಡೀ ಸೀಲಿಂಗಿಗೆ ಬೋರ್ಡ್ ಹೊಡೆದು, ನಡುವೆ ಅಂಥ ಮುಚ್ಚಳ ಇಟ್ಟರೆ ಆ ಬೋರ್ಡಿಗೆ ಅರ್ಥವೇ ಇಲ್ಲ. ಮೇಲಾಗಿ ಆಗ ಸೀಲಿಂಗನ್ನು ಹೊತ್ತ ಹೊರಗೋಡೆಗಳಿಗೂ ಬೋರ್ಡ್ ಬೇಕು.

ನಮ್ಮ ಚಾವಣಿಯ ತುದಿತೊಲೆ (ನೆತ್ತಿಯ ಉದ್ದನೆಯ ತೊಲೆ) ಮನೆಯಿಂದ ಗ್ಯಾರೇಜ್ ಕಡೆಗೆ ನೇರ ಹೋಗುತ್ತದೆ. ಆದ್ದರಿಂದ ನಡುಗೋಡೆಯ ಮೇಲೆ ಆಟಿಕ್‌ನ ಆಕಾರ ಒಂದು ಸರಳ ತ್ರಿಕೋನ. ಚಾವಣಿ ಹೊತ್ತ ಇಳಿಜಾರು ತೊಲೆಗಳಾದ ರಾಫ್ಟರ್‌ಗಳೂ ಜಾಯಿಸ್ಟ್‌ಗಳೂ ಈ ಗೋಡೆಗೆ ಸಮಾನಾಂತರ, ಯಾವುದೂ ಗೆರೆಯನ್ನು ದಾಟುವುದಿಲ್ಲ. ದಾಟುವುದು ತುದಿತೊಲೆ ಒಂದೇ, ಜೊತೆಗೆ ಕೆಲವು ವೈರು. ಎರಡನೇ ಆಯ್ಕೆಯೇ ಸರಿ ಅನ್ನಿಸಿತು. ರಾಫ್ಟರ್‌ಗಳು ಗೋಡೆಗೆ ಅಡ್ಡ ಇರುವ ಮನೆಯಾಗಿದ್ದರೆ ಪ್ರತಿ ರಾಫ್ಟರ್ ಸುತ್ತಲೂ ಕತ್ತರಿಸಿ ತುಂಬಬೇಕು, ಆಗ ನಾನೂ ಸೀಲಿಂಗ್ ಕಡೆಗೇ ವಾಲುತ್ತಿದ್ದೆ.

ಕೆಳಗಿನ ಗೋಡೆ

ಸೈಡಿಂಗ್ ಮತ್ತು ಪ್ಯಾನೆಲ್ ತೆಗೆದ ಮೇಲೆ ಒಳಗೆ ಓರೆಯಾಗಿ ಹೊಡೆದ 3/4 ಇಂಚಿನ ಹಲಗೆಗಳು ಸಿಕ್ಕವು. ಇವನ್ನು ಕಿತ್ತುಹಾಕಿ ನೇರ ಸ್ಟಡ್ಡಿಗೆ ಬೋರ್ಡ್ ಹೊಡೆಯುವ ಆಸೆ ಬರುತ್ತದೆ. ಬೇಡ. ಆ ಓರೆ ಹಲಗೆಗಳೇ ಗಾಳಿಗೆ, ನಡುಕಕ್ಕೆ ಮನೆ ವಾಲದಂತೆ ಹಿಡಿದಿರುವುದು. ಅವನ್ನು ಹಾಗೇ ಬಿಟ್ಟು ಮೇಲೆ ಬೋರ್ಡ್ ಹೊಡೆದೆ.

ಆಗ ಸ್ಕ್ರೂ ಉದ್ದದ ಲೆಕ್ಕ ಬದಲಾಗುತ್ತದೆ. 5/8 ಬೋರ್ಡ್ ನೇರ ಸ್ಟಡ್ಡಿಗಾದರೆ 1-5/8 ಇಂಚಿನ ಸ್ಕ್ರೂ ನಡೆಯುತ್ತದೆ. ಇಲ್ಲಿ ಬೋರ್ಡ್ 5/8, ಹಲಗೆ 3/4, ಸ್ಟಡ್ಡಿನೊಳಗೆ ಕನಿಷ್ಠ 5/8 ಹೋಗಬೇಕು. ಕೂಡಿಸಿದರೆ 2 ಇಂಚು. 2-1/4 ಇಂಚಿನ ಸ್ಕ್ರೂ ತಗೊಂಡೆ. ಸ್ಟಡ್ ಎಲ್ಲಿದೆ ಅಂತ ಹುಡುಕಲು ಯಂತ್ರ ಬೇಕಾಗಲಿಲ್ಲ, ಹಲಗೆಗಳ ಮೇಲಿನ ಹಳೇ ಮೊಳೆತಲೆಗಳ ಸಾಲೇ ಹೇಳುತ್ತದೆ. ಆ ಸಾಲಿನ ಮೇಲೆ ಬಣ್ಣದ ದಾರ ಹೊಡೆದು, ನೆಲದ ಮೇಲೂ ಗುರುತು ಹಾಕಿಕೊಂಡೆ. ಬೋರ್ಡ್ ಎತ್ತಿ ನಿಲ್ಲಿಸಿದ ಮೇಲೆ ಗೋಡೆಯ ಗುರುತು ಕಾಣುವುದಿಲ್ಲವಲ್ಲ. ಹಳೇ ಮನೆಯಲ್ಲಿ 16 ಇಂಚಿಗೊಂದು ಸ್ಟಡ್ ಅನ್ನುವುದು ನಂಬಿಕೆ ಅಷ್ಟೇ, ಬಾಗಿಲ ಹತ್ತಿರ ಎಲ್ಲಾ ಅಳತೆ ತಪ್ಪಿರುತ್ತದೆ.

ಹಾಲಿನ ಗೂಡನ್ನು ತೆಗೆಯಲು ಮನಸ್ಸು ಬರಲಿಲ್ಲ. ಅಡುಗೆಮನೆ ಕಡೆಯ ಪುಟ್ಟ ಬಾಗಿಲು ಹಾಗೇ ಇದೆ, ಈಗ ಅದರಲ್ಲಿ ಬೀಗದ ಕೈಗಳು. ಗ್ಯಾರೇಜ್ ಕಡೆಯ ಬಾಗಿಲು ತೆಗೆದು, ಎರಡು ಬೈ ನಾಲ್ಕು ಇಂಚಿನ ಮರದ ಚೌಕಟ್ಟು ಕೂರಿಸಿ, ಮಿನರಲ್ ವೂಲ್ ತುಂಬಿ, ಉಳಿದ ಗೋಡೆಯ ಬೋರ್ಡನ್ನೇ ಅದರ ಮೇಲೂ ಹಾಯಿಸಿದೆ. ಹಿಂದೆ ಯಾರೋ ವೈರ್ ಎಳೆಯಲು ಹಲಗೆ ಕತ್ತರಿಸಿದ್ದ ಜಾಗಕ್ಕೂ ಅದೇ ಉಪಚಾರ. ಮಿನರಲ್ ವೂಲ್ ಕಲ್ಲಿನಿಂದ ಮಾಡಿದ್ದು, ಹತ್ತಿ ಉರಿಯುವುದಿಲ್ಲ, ಗಾಜಿನ ನಾರಿಗಿಂತ ತುಂಬಾ ಜಾಸ್ತಿ ಕಾವು ತಡೆಯುತ್ತದೆ. ಕಂದು ಕಾಗದ ಅಂಟಿಸಿದ ಇನ್ಸುಲೇಷನ್ ಇದ್ದರೆ ಅದನ್ನು ತೆರೆದು ಬಿಡಬೇಡಿ. ಆ ಕಾಗದ ಸುಡುತ್ತದೆ ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ.

ಬೋರ್ಡನ್ನು ಕಾಂಕ್ರೀಟ್ ನೆಲಕ್ಕೆ ಮುಟ್ಟಿಸಲಿಲ್ಲ. ಮಳೆಗಾಲದಲ್ಲಿ ಕಾರಿನಿಂದ ಇಳಿಯುವ ನೀರು, ಕರಗಿದ ಹಿಮ, ಎಲ್ಲಾ ಜಿಪ್ಸಮ್ ಹೀರುತ್ತದೆ. 1/2 ಇಂಚು ಎತ್ತಿ ನಿಲ್ಲಿಸಿ, ಆ ಸಂದಿಗೆ ಬೆಂಕಿ ತಡೆ ಸೀಲಂಟ್ ಹಾಕಿದೆ. ಎತ್ತಲು ಕಾಲಲ್ಲಿ ಒತ್ತುವ ಲಿವರ್ ಸಿಗುತ್ತದೆ, ಇಲ್ಲದಿದ್ದರೆ ಒಂದು ಚಪ್ಪಟೆ ಸರಳು, ಅದರಡಿ ಒಂದು ಮರದ ಚೂರು ಸಾಕು.

ಆಟಿಕ್‌ನ ತ್ರಿಕೋನ

ಇಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಗ್ಯಾರೇಜಿಗೆ ಸೀಲಿಂಗ್ ಇಲ್ಲದ್ದು ಅನುಕೂಲವಾಯಿತು, ಬೋರ್ಡ್‌ಗಳನ್ನು ಜಾಯಿಸ್ಟ್ ನಡುವೆ ಓರೆಯಾಗಿ ಮೇಲಕ್ಕೆ ದಾಟಿಸಬಹುದಿತ್ತು. ಗೆಳೆಯನೊಬ್ಬ ಕೆಳಗಿನಿಂದ ತಳ್ಳಲು ಬಂದ. "ಗುರೂ, ಇದನ್ನ ಇಬ್ಬರು ಮಾಡೋ ಕೆಲಸ ಅಂತ ಹೇಳಿದ್ಯಾರು?" ಅಂದ. ನಾಲ್ಕಡಿ ಅಗಲದ ಹಾಳೆಗಳನ್ನು ಎರಡಡಿಗೆ ಸೀಳಿದ ಮೇಲೆ ಅವನ ಬೈಗುಳ ಕಮ್ಮಿಯಾಯಿತು.

ಮೇಲೆ ಕೆಲಸ ಮಾಡುವಾಗ ಗಟ್ಟಿ ಟೋಪಿ ಹಾಕಿಕೊಳ್ಳಿ. ಚಾವಣಿಯ ಶಿಂಗಲ್ಸ್ ಹೊಡೆದ ಮೊಳೆಗಳ ತುದಿ ಹಲಗೆಯಿಂದ ಕೆಳಗೆ ಚಾಚಿಕೊಂಡಿರುತ್ತವೆ, ಇಳಿಜಾರಿನ ಮೂಲೆಯಲ್ಲಿ ಅವು ಸರಿಯಾಗಿ ನೆತ್ತಿಯ ಎತ್ತರಕ್ಕೆ ಬರುತ್ತವೆ. ಕಾಲಡಿಗೆ ಜಾಯಿಸ್ಟ್‌ಗಳ ಮೇಲೆ ಅಗಲ ಪ್ಲೈವುಡ್ ಹಾಸಿಕೊಳ್ಳಿ.

ನಡುಗೋಡೆಯ ಟಾಪ್ ಪ್ಲೇಟ್, ಅಂದರೆ ಗೋಡೆಯ ನೆತ್ತಿಯ ಅಡ್ಡಮರ, ಎರಡು ಪದರದ್ದು. ಅದರ ಮೇಲೆ 16 ಇಂಚಿಗೊಂದು ಎರಡು ಬೈ ನಾಲ್ಕು ನಿಲ್ಲಿಸಿ, ಮೇಲ್ತುದಿಯನ್ನು ಗೋಡೆಯ ನೇರಕ್ಕೇ ಇದ್ದ ರಾಫ್ಟರಿಗೆ ಕಟ್ಟಿದೆ. ಬೋರ್ಡ್ ಗ್ಯಾರೇಜ್ ಕಡೆಗೆ. ಸಮಸ್ಯೆ ಬಂದದ್ದು ಪ್ಲೇಟಿನ ಮಟ್ಟದಲ್ಲಿ. ಗ್ಯಾರೇಜಿನ ಮೊದಲ ಜಾಯಿಸ್ಟ್ ಗೋಡೆಯಿಂದ ಮೂರೇ ಇಂಚು ದೂರದಲ್ಲಿದೆ. ಕೆಳಗಿನ ಬೋರ್ಡ್ ಆ ಸಂದಿಯವರೆಗೆ ಬಂದು ನಿಲ್ಲುತ್ತದೆ, ಮೇಲಿನ ಬೋರ್ಡ್ ಅದರ ಮೇಲಿಂದ ಶುರು. ನಡುವೆ ಗೆರೆ ಕಡಿಯುತ್ತದೆ. ಸ್ಕ್ರೂ ಹೊಡೆಯುವ ಡ್ರಿಲ್ ಆ ಮೂರಿಂಚಿನೊಳಗೆ ಇಳಿಯುವುದಿಲ್ಲ. ಕೊನೆಗೆ ಕೆಳಗಿನ ಸಾಲು ಹೊಡೆಯುವ ಮುಂಚೆಯೇ ಬೋರ್ಡಿನ ಅಗಲ ಪಟ್ಟಿಗಳನ್ನು ಮೇಲಿನಿಂದ ಸಂದಿಯೊಳಗೆ ಇಳಿಬಿಟ್ಟೆ. ಪಟ್ಟಿಯ ಮೇಲಂಚನ್ನು ಆಟಿಕ್‌ನಿಂದ ಸ್ಟಡ್‌ಗಳಿಗೆ, ಕೆಳಂಚನ್ನು ಜಾಯಿಸ್ಟಿನ ಕೆಳಗಿನಿಂದ ಗೋಡೆಗೆ ಸ್ಕ್ರೂ ಮಾಡಿದೆ. ಮೂಲೆಗೆ ತಿರುಗುವ ಹೆಡ್ ಇರುವ ಡ್ರಿಲ್ ಇದ್ದರೆ ನಡುವಿನ ಸ್ಕ್ರೂಗಳೂ ಸುಲಭ.

ಮೇಲೆ ಚಾವಣಿಯ ಹಲಗೆಗೆ ಬೋರ್ಡ್ ಎಷ್ಟೇ ಹತ್ತಿರ ಕತ್ತರಿಸಿದರೂ ಬೆರಳು ಹೋಗುವಷ್ಟು ಸಂದಿ ಉಳಿಯುತ್ತದೆ. ಹಳೇ ಹಲಗೆಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅಲ್ಲಿ ಮಿನರಲ್ ವೂಲ್ ಒತ್ತಿ ತುರುಕಿ, ಮೇಲೆ ಸೀಲಂಟ್ ಎಳೆದೆ. ತುದಿತೊಲೆಯ ಸುತ್ತಲೂ ಹಾಗೇ.

ಮತ್ತೆ ಸಾಫಿಟ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ಸೂರಿನ ಕೆಳಗೆ, ಗೋಡೆಯ ಹೊರಗೆ, ಒಂದು ಟೊಳ್ಳು ಪೆಟ್ಟಿಗೆ ಗ್ಯಾರೇಜಿನಿಂದ ಮನೆಯ ಆ ತುದಿವರೆಗೆ ಓಡುತ್ತದೆ. ಆಟಿಕ್ ಒಳಗೆ ಎಷ್ಟು ಚೆಂದ ಗೋಡೆ ಕಟ್ಟಿದರೂ ಬೆಂಕಿ ಅದರ ತುದಿಯನ್ನು ಸುತ್ತಿಕೊಂಡು ಸಾಫಿಟ್ ಒಳಗಿಂದ ಆಚೆ ಕಡೆ ಎದ್ದು ಬರಬಹುದು. ಕೆಂಪು ಗೆರೆ ಎಳೆದ ಹಾಳೆಯಲ್ಲಿ ಇದು ಕಾಣುವುದಿಲ್ಲ, ಅದಕ್ಕೆ ಮೇಲಿನಿಂದ ನೋಡಿದ ಇನ್ನೊಂದು ಚಿತ್ರ ಬೇಕು. ಮುಂದೆ ಹಿಂದೆ ಎರಡೂ ಕಡೆ, ಗೋಡೆಯ ನೇರಕ್ಕೆ ಸಾಫಿಟ್ ಹಲಗೆ ಬಿಚ್ಚಿ, ಒಳಗೆ ಮರದ ಅಡ್ಡಗಟ್ಟು ಕೂರಿಸಿ, ಅದಕ್ಕೂ ಬೋರ್ಡ್ ಹೊಡೆದು ಮುಚ್ಚಿದೆ.

ತೂತುಗಳು

ನಡುಗೋಡೆಯಲ್ಲಿ ಏನೇನು ಹಾದುಹೋಗುತ್ತಿತ್ತು ಅಂತ ಎಣಿಸಲು ಕೂತರೆ ಬೇಜಾರಾಗುತ್ತದೆ. ತಾಮ್ರದ ನೀರಿನ ಪೈಪು, ಗ್ಯಾಸ್ ಪೈಪು, ವೈರುಗಳು, ಯಾವುದೋ ಕಾಲದ ಟಿವಿ ಕೇಬಲ್, ಇಡೀ ಮನೆಯ ಧೂಳು ಹೀರುವ ಕೇಂದ್ರೀಯ ವ್ಯಾಕ್ಯೂಮಿನ ಪ್ಲಾಸ್ಟಿಕ್ ಕೊಳವೆ, ಏನೂ ಇಲ್ಲದ ಖಾಲಿ ತೂತುಗಳು.

ನಿಯಮ ಕೇಳುವುದು ಜ್ವಾಲೆ ಮತ್ತು ಹೊಗೆ ಸರಾಗವಾಗಿ ದಾಟದಂತೆ ತುಂಬಬೇಕು ಅಂತ. ಏನು ತುಂಬಬೇಕು ಅನ್ನುವುದರಲ್ಲಿ ಜನ ಎಡವುತ್ತಾರೆ. ಕಿಟಕಿ ಸುತ್ತ ಹಾಕುವ ಹಳದಿ ಫೋಮ್ ಚೆನ್ನಾಗಿ ಉರಿಯುತ್ತದೆ, ಅದನ್ನು ಈ ಗೋಡೆಯ ಹತ್ತಿರ ತರಬೇಡಿ. ಕಿತ್ತಳೆ ಬಣ್ಣದ ಫೈರ್‌ಬ್ಲಾಕ್ ಫೋಮ್ ಇನ್ನೊಂದು ಜಾತಿ. ಅದನ್ನು ಮಾಡಿರುವುದು ಸ್ಟಡ್‌ಗಳ ನಡುವೆ, ಪ್ಲೇಟಿನ ತೂತಲ್ಲಿ ಗಾಳಿ ಓಡಾಟ ನಿಲ್ಲಿಸಲು. ಅದೂ ಕಾವು ಹೆಚ್ಚಾದರೆ ಸುಡುತ್ತದೆ. ಬೋರ್ಡ್ ಸೀಳಿ ಬರುವ ಪೈಪಿಗೆ ನಾನು ಬಳಸಿದ್ದು ಎಎಸ್‌ಟಿಎಂ ಇ814 ಅನ್ನುವ ಬೆಂಕಿ ತಡೆ ಪರೀಕ್ಷೆ ಪಾಸಾದ, ಕಾವಿಗೆ ಉಬ್ಬುವ ಸೀಲಂಟ್. ಉಬ್ಬುವುದು ಯಾಕೆ ಮುಖ್ಯ ಅಂದರೆ, ತಾಮ್ರದ ಪೈಪ್ ಬೆಂಕಿಯಲ್ಲೂ ತನ್ನ ಜಾಗದಲ್ಲಿ ಇರುತ್ತದೆ, ಪ್ಲಾಸ್ಟಿಕ್ ಪೈಪ್ ಕರಗಿ ಹೋಗುತ್ತದೆ. ಅದು ಹೋದ ಜಾಗವನ್ನು ಯಾರಾದರೂ ತುಂಬಬೇಕಲ್ಲ. ವ್ಯಾಕ್ಯೂಮ್ ಕೊಳವೆ ಕೆಲಸ ಮಾಡುತ್ತಲೂ ಇರಲಿಲ್ಲ. ಅದನ್ನು ಕತ್ತರಿಸಿ ತೆಗೆದು, ತೂತಿಗೆ ಬೋರ್ಡಿನದೇ ತೇಪೆ ಹಾಕಿದೆ. ಬೇಡದ ತೂತಿಗೆ ಸೀಲಂಟಿಗಿಂತ ಬೋರ್ಡೇ ಮದ್ದು.

ಸಾಕೆಟ್ ಡಬ್ಬಿಗಳಿಗೆ ಬೋರ್ಡನ್ನು ಬಿಗಿಯಾಗಿ ಕತ್ತರಿಸಿ. ಡಬ್ಬಿಯ ಅಂಚಿಗೂ ಬೋರ್ಡಿಗೂ ನಡುವೆ 1/8 ಇಂಚಿಗಿಂತ ಜಾಸ್ತಿ ಸಂದಿ ಇರಬಾರದು ಅಂತ ವಿದ್ಯುತ್ ನಿಯಮವೇ ಹೇಳುತ್ತದೆ. ನಾನು ಪ್ಲಾಸ್ಟಿಕ್ ಡಬ್ಬಿ ತೆಗೆದು ಉಕ್ಕಿನದು ಹಾಕಿದೆ. ಅದು ನಿಯಮಕ್ಕಲ್ಲ, ನನ್ನ ಸಮಾಧಾನಕ್ಕೆ.

ಎಲ್ಲಕ್ಕಿಂತ ಕೆಟ್ಟ ತೂತು ಡಕ್ಟಿನದು, ಅಂದರೆ ಬಿಸಿಗಾಳಿ ಒಯ್ಯುವ ಕೊಳವೆಯದು. ಹಿಂದಿನವರು ಚಳಿಗಾಲದಲ್ಲಿ ಗ್ಯಾರೇಜ್ ಬೆಚ್ಚಗಿರಲಿ ಅಂತ ಮನೆಯ ಹೀಟಿಂಗ್ ಡಕ್ಟಿನಿಂದ ಒಂದು ಕವಲು ತೆಗೆದು ಗ್ಯಾರೇಜಲ್ಲಿ ಜಾಲರಿ ಕೂರಿಸಿದ್ದರು. ಬೆಂಕಿ ಹತ್ತುವುದೇನೂ ಬೇಡ, ಕಾರ್ ಸ್ಟಾರ್ಟ್ ಮಾಡಿದರೆ ಸಾಕು, ಕಾರ್ಬನ್ ಮೊನಾಕ್ಸೈಡ್ ಅದೇ ದಾರಿಯಲ್ಲಿ ಮಲಗುವ ಕೋಣೆ ಸೇರಬಹುದು. ಗ್ಯಾರೇಜ್ ಒಳಗೆ ಡಕ್ಟಿಗೆ ಬಾಯಿ ಇರಕೂಡದು, ಹಾದುಹೋಗುವ ಡಕ್ಟ್ ಕನಿಷ್ಠ 26 ಗೇಜ್ ದಪ್ಪದ ಉಕ್ಕಿನ ತಗಡಿನದಾಗಿರಬೇಕು. ಜಾಲರಿ ತೆಗೆದು, ಕವಲನ್ನು ಮನೆಯ ಒಳಗೇ ತಗಡಿನ ಮುಚ್ಚಳ ಹಾಕಿ ಬಂದ್ ಮಾಡಿದೆ.

ಬಾಗಿಲು

20 ನಿಮಿಷದ ರೇಟಿಂಗ್ ಇರುವ ಉಕ್ಕಿನ ಬಾಗಿಲು ಚೌಕಟ್ಟಿನ ಸಮೇತ ಸಿಗುತ್ತದೆ, ಹಾಗೇ ತಂದೆ. ಬಾಗಿಲಿನ ಹಿಂಜ್ ಬದಿಯಲ್ಲಿ ರೇಟಿಂಗಿನ ಚೀಟಿ ಇರುತ್ತದೆ. ಬಣ್ಣ ಬಳಿಯುವಾಗ ಅದರ ಮೇಲೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ಏನೂ ಉಳಿಯುವುದಿಲ್ಲ. ಚೌಕಟ್ಟು ಮತ್ತು ಗೋಡೆ ನಡುವಿನ ಸಂದಿಗೆ ಮತ್ತೆ ಮಿನರಲ್ ವೂಲ್.

ತಾನಾಗಿ ಮುಚ್ಚಲು ಸ್ಪ್ರಿಂಗ್ ಹಿಂಜ್ ಹಾಕಿದೆ. ಮೂರರಲ್ಲಿ ಎರಡು ಸ್ಪ್ರಿಂಗ್, ಒಂದು ಸಾದಾ. ಬಿಗಿ ಮಾಡುವುದು ಹೀಗೆ: ಬಾಗಿಲು ಮುಚ್ಚಿ, ಹಿಂಜಿನ ತಲೆಯ ಷಡ್ಭುಜ ತೂತಿಗೆ ಅಲೆನ್ ಕೀ ಹಾಕಿ ತಿರುಗಿಸಿ. ಸ್ಪ್ರಿಂಗ್ ಬಿಗಿಯಾದಂತೆ ಪಕ್ಕದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದರಲ್ಲಿ ಪಿನ್ ಸಿಕ್ಕಿಸಿ, ಕೀಯನ್ನು ಮೆಲ್ಲಗೆ ಬಿಡಿ. ಕೈ ಜಾರಿದರೆ ಕೀ ಬೆರಳಿಗೆ ಹೊಡೆಯುತ್ತದೆ. ಎರಡೂ ಹಿಂಜಿಗೆ ಒಂದೇ ಸಮ ಬಿಗಿ ಕೊಡಿ. ಬಾಗಿಲನ್ನು ಪೂರ್ತಿ ತೆರೆದು ಬಿಟ್ಟಾಗ ಮುಚ್ಚಿಕೊಂಡರೆ ಸಾಲದು. ಅಂಗೈ ಅಗಲ ಮಾತ್ರ ತೆರೆದು ಬಿಟ್ಟಾಗಲೂ ಚಿಲಕ ಕ್ಲಿಕ್ ಅನ್ನಬೇಕು. ಅಷ್ಟು ಹತ್ತಿರದಿಂದ ಸ್ಪ್ರಿಂಗಿಗೆ ವೇಗ ಸಿಗುವುದಿಲ್ಲ, ಅಂಚಿನ ರಬ್ಬರ್ ಬೇರೆ ತಡೆಯುತ್ತದೆ. ಇಲ್ಲಿ ಸ್ಪ್ರಿಂಗನ್ನು ಇನ್ನೂ ಬಿಗಿ ಮಾಡುವ ಬದಲು ಚಿಲಕ ಕೂರುವ ತಗಡನ್ನು ಒಂದೆರಡು ಕೂದಲೆಳೆ ಸರಿಸಿದರೆ ಕೆಲಸ ಆಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಬಾಗಿಲು ಧಡಾರ್ ಅನ್ನುತ್ತದೆ, ಮನೆಯವರು ಅದಕ್ಕೆ ಚಪ್ಪಲಿ ಸಿಕ್ಕಿಸಿ ತೆರೆದಿಡಲು ಶುರು ಮಾಡುತ್ತಾರೆ.

ಟೇಪ್ ಮತ್ತು ತಪಾಸಣೆ

ಬೋರ್ಡ್ ಹೊಡೆದ ಮೇಲೆ ಟೇಪಿಗೆ ಮುಂಚೆ ಇನ್‌ಸ್ಪೆಕ್ಟರ್ ಬಂದು ಸ್ಕ್ರೂ ಅಂತರ ನೋಡಿದರು. ಒಳಗಿನ ಚೌಕಟ್ಟು, ತೂತುಗಳ ತಪಾಸಣೆ ಅದಕ್ಕೂ ಮೊದಲೇ ಆಗಿತ್ತು. ಗೋಡೆಗೆ 16 ಇಂಚಿಗೊಂದು ಸ್ಕ್ರೂ ಸಾಕು. ಸ್ಕ್ರೂ ತಲೆ ಕಾಗದವನ್ನು ಹರಿಯಬಾರದು, ಸ್ವಲ್ಪ ಒಳಗೆ ಕೂತಿರಬೇಕು. ಕಾಗದ ಹರಿದ ಸ್ಕ್ರೂ ಲೆಕ್ಕಕ್ಕಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಬೇಕು.

ಗ್ಯಾರೇಜ್ ಗೋಡೆಗೆ ನುಣುಪು ಬೇಡ. ಸಂದಿಗಳ ಮೇಲೆ ಕಾಗದದ ಟೇಪ್, ಅದರಡಿ ಒಂದು ಪದರ ಮಡ್, ಅಂದರೆ ತೇಪೆ ಕಾಂಪೌಂಡ್. ಕೆಲಸದವರು ಇದನ್ನೇ ಫೈರ್ ಟೇಪಿಂಗ್ ಅನ್ನುತ್ತಾರೆ. ಜಾಲರಿ ಟೇಪ್ ಬಳಸುವುದಾದರೆ ನೀರು ಬೆರೆಸಿ ಗಟ್ಟಿಯಾಗುವ ಕಾಂಪೌಂಡೇ ಬೇಕು, ಡಬ್ಬದಲ್ಲಿ ಕಲಸಿ ಬರುವುದಲ್ಲ. ಆಟಿಕ್ ಒಳಗೂ ಟೇಪ್ ಹಾಕಿದೆ. ಯಾರೂ ನೋಡದ ಜಾಗ ಅಂತ ಅಲ್ಲಿ ಬಿಡುವವರೇ ಜಾಸ್ತಿ.

ಕೊನೆ ಪರೀಕ್ಷೆ ನನ್ನದೇ. ಗ್ಯಾಸ್ ವಾಟರ್ ಹೀಟರನ್ನು ಆರಿಸಿ, ಇಲ್ಲದಿದ್ದರೆ ಅದರ ಹೊಗೆ ವಾಪಸ್ ಎಳೆದುಕೊಂಡೀತು. ಮನೆಯ ಕಿಟಕಿಗಳನ್ನೆಲ್ಲಾ ಮುಚ್ಚಿ, ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನುಗಳನ್ನು ಹಾಕಿ. ಈಗ ಮನೆ ಗಾಳಿಯನ್ನು ಎಲ್ಲಿಂದಾದರೂ ಎಳೆಯಲೇಬೇಕು. ಗ್ಯಾರೇಜ್ ಕಡೆ ಒಂದು ಊದುಬತ್ತಿ ಹಚ್ಚಿಕೊಂಡು ಗೋಡೆಯ ಗೆರೆಯುದ್ದಕ್ಕೂ ಹಿಡಿಯುತ್ತಾ ಹೋಗಿ. ಪೆಟ್ರೋಲ್, ಥಿನ್ನರ್ ಡಬ್ಬ ಇದ್ದರೆ ಮೊದಲು ಹೊರಗಿಟ್ಟು, ಬಾಗಿಲು ತೆರೆದು ಗಾಳಿ ಆಡಲು ಬಿಟ್ಟು ಬನ್ನಿ. ಹೊಗೆ ನೇರ ಮೇಲೆ ಹೋದರೆ ಸರಿ. ಗೋಡೆ ಕಡೆಗೆ ಬಾಗಿ ಒಳಗೆ ನುಗ್ಗಿದರೆ ಅಲ್ಲಿ ಸಂದಿ ಇದೆ. ನನಗೆ ಸಿಕ್ಕಿದ್ದು ಗ್ಯಾಸ್ ಪೈಪಿನ ಹಿಂಬದಿ, ಕಣ್ಣಿಗೆ ಕಾಣದ ಕಡೆ, ಮತ್ತೆ ಹೊಸ ಬಾಗಿಲಿನ ಹೊಸ್ತಿಲ ಒಂದು ಮೂಲೆ. ಎರಡೂ ಸೀಲಂಟಿಗೆ ಬಗ್ಗಿದವು.

ಉಳಿದ ಕೆಲಸ ಇನ್ನೊಂದಿದೆ. ಆಟಿಕ್ ಎರಡಾದ ಮೇಲೆ ಗಾಳಿಯಾಟವೂ ಎರಡಾಗಬೇಕು. ಮೊದಲು ಮನೆಯ ಒಂದು ತುದಿಯ ಜಾಲರಿಯಿಂದ ಬಂದ ಗಾಳಿ ಇನ್ನೊಂದು ತುದಿಯಿಂದ ಹೋಗುತ್ತಿತ್ತು. ಈಗ ಪ್ರತಿ ಭಾಗಕ್ಕೂ ಒಂದೇ ಜಾಲರಿ. ಪ್ರತಿ 150 ಚದರ ಅಡಿ ಆಟಿಕ್ ನೆಲಕ್ಕೆ 1 ಚದರ ಅಡಿ ತೆರೆದ ಜಾಗ ಅನ್ನುವ ಲೆಕ್ಕ ಹಿಡಿದು ಎರಡೂ ಕಡೆ ಸಾಫಿಟ್ ವೆಂಟ್ ಸೇರಿಸುತ್ತಿದ್ದೇನೆ, ಅಡ್ಡಗಟ್ಟಿನ ಹತ್ತಿರ ಮಾತ್ರ ಬಿಟ್ಟು. ಮಲಗುವ ಕೋಣೆಗಳ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಂದಿದೆ. ಗ್ಯಾರೇಜಿಗೆ ಹೊಗೆ ಅಲಾರಂ ಸರಿಹೋಗುವುದಿಲ್ಲ, ಕಾರಿನ ಹೊಗೆಗೇ ಕಿರುಚುತ್ತದೆ. ಅಲ್ಲಿಗೆ ಕಾವು ಗುರುತಿಸುವ ಅಲಾರಂ, ಒಳಗಿನ ಅಲಾರಂಗಳಿಗೆ ಜೋಡಿಸಿದ್ದು. ಆಟಿಕ್‌ನ ಹೊಸ ಗೋಡೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ: ಇದು ಬೆಂಕಿ ತಡೆ ಗೋಡೆ, ವೈರ್ ಎಳೆದರೆ ತೂತು ಮುಚ್ಚಿ. ಕೆಳಗೆ ಬಳಸಿದ ಸೀಲಂಟಿನ ಹೆಸರು, ಪಕ್ಕದಲ್ಲೇ ಮೊಳೆಗೆ ಅರ್ಧ ಉಳಿದ ಟ್ಯೂಬ್.